ಬಿಲ್ ರಸೆಲ್: ಚಪ್ಪಾಳೆ ಬೇರೆ, ಮರ್ಯಾದೆ ಬೇರೆ



ನಮ್ಮ ಹುಡುಗರಿಗೆ ಉಪದೇಶ ಮಾಡೋರಿಗೆ ಬರವಿಲ್ಲ. 'ಯಾಕ್ರಯ್ಯಾ ಸಭೆ, ಮೆರವಣಿಗೆ, ಧಿಕ್ಕಾರ ಅಂತ ತಿರುಗ್ತೀರಿ? ಆಟದಲ್ಲೋ ಪಾಠದಲ್ಲೋ ಗೆದ್ದು ತೋರಿಸಿ. ಗೆದ್ದವನ ಜಾತಿ ಯಾರು ಕೇಳ್ತಾರೆ?' ಎನ್ನುತ್ತಾರೆ. ಕಿವಿಗೆ ಹಿತವಾದ ಮಾತು. ಇದು ನಿಜವೋ ಸುಳ್ಳೋ ಅಂತ ಗೆದ್ದವನೊಬ್ಬನ ಬದುಕನ್ನೇ ಇಟ್ಟುಕೊಂಡು ನೋಡೋಣ. ಅಂತಿಂಥ ಗೆಲುವಲ್ಲ. ಅಮೆರಿಕದ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರ ಬಿಲ್ ರಸೆಲ್ 13 ವರ್ಷ ಆಡಿ 11 ಸಲ ತನ್ನ ತಂಡಕ್ಕೆ ಚಾಂಪಿಯನ್ ಪಟ್ಟ ತಂದುಕೊಟ್ಟವನು.

ರಸೆಲ್ ಹುಟ್ಟಿದ್ದು 1934ರಲ್ಲಿ, ದಕ್ಷಿಣದ ಲೂಸಿಯಾನ ರಾಜ್ಯದ ಮನ್ರೋ ಊರ ಕಡೆ. ಅಲ್ಲಿ ಬಿಳಿಯರಿಗೊಂದು ಶಾಲೆ, ಕಪ್ಪು ಜನಕ್ಕೊಂದು ಶಾಲೆ. ನೀರು ಕುಡಿಯುವ ನಲ್ಲಿ ಕೂಡ ಬೇರೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಲ ಅವನ ಅಪ್ಪ ಕಾರಿಗೆ ಪೆಟ್ರೋಲ್ ಹಾಕಿಸಲು ನಿಂತಿದ್ದ. ಬಂದ ಬಿಳಿಯರಿಗೆಲ್ಲ ಹಾಕಿ ಮುಗಿಯುವವರೆಗೆ ಕಾಯಬೇಕು. ಬೇಸತ್ತು ಹೊರಡಲು ನೋಡಿದರೆ ಬಂಕಿನವನು ಬಂದೂಕು ತಂದು ಮುಖಕ್ಕೆ ಹಿಡಿದ. ಇನ್ನೊಂದು ದಿನ ತಾಯಿ ಒಳ್ಳೆಯ ಬಟ್ಟೆ ತೊಟ್ಟು ಪೇಟೆಗೆ ಹೋದಳು. ಪೊಲೀಸಿನವನು ತಡೆದು, ಇದು ಬಿಳಿ ಹೆಂಗಸರ ಉಡುಪು, ಮನೆಗೆ ಹೋಗಿ ಬಿಚ್ಚು ಎಂದು ಅಟ್ಟಿದ. ಚಪ್ಪಲಿ ಮೆಟ್ಟಿದ್ದಕ್ಕೆ, ಇಸ್ತ್ರಿ ಬಟ್ಟೆ ಹಾಕಿದ್ದಕ್ಕೆ ಏಟು ತಿಂದ ನಮ್ಮ ಜನಕ್ಕೆ ಆ ತಾಯಿ ಹೊರಗಿನವಳೇ? ಎರಡೂ ಕಡೆಯ ಪಾಡಿಗಿರುವ ಹೋಲಿಕೆಯನ್ನು ಬಾಬಾಸಾಹೇಬರು 1946ರಲ್ಲೇ ಕಪ್ಪು ಚಿಂತಕ ಡು ಬೋಯಿಸ್‌ರಿಗೆ ಬರೆದ ಕಾಗದದಲ್ಲಿ ಹೇಳಿದ್ದರು.

ರಸೆಲ್‌ಗೆ ಎಂಟು ವರ್ಷವಾದಾಗ ಸಂಸಾರ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ಗೆ ಗುಳೆ ಹೋಯಿತು. ಹನ್ನೆರಡಕ್ಕೆ ತಾಯಿ ತೀರಿಹೋದಳು. ಹೈಸ್ಕೂಲಿನಲ್ಲಿ ಅವನೇನು ದೊಡ್ಡ ಆಟಗಾರನಲ್ಲ. ಕರೆದು ವಿದ್ಯಾರ್ಥಿವೇತನ ಕೊಟ್ಟದ್ದು ಸ್ಯಾನ್‌ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಒಂದೇ. ಆ ತಂಡಕ್ಕೆ 1955 ಮತ್ತು 1956ರಲ್ಲಿ ಎರಡು ಸಲ ರಾಷ್ಟ್ರ ಪ್ರಶಸ್ತಿ ತಂದ. 1956ರಲ್ಲೇ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಅಲ್ಲಿಂದ ಬಂದವನೇ ವೃತ್ತಿ ಆಟಗಾರನಾಗಿ ಬಾಸ್ಟನ್ ಸೆಲ್ಟಿಕ್ಸ್ ತಂಡ ಸೇರಿದ.

ಅವನ ಆಟದ ರೀತಿಯನ್ನೂ ನಾವು ಗಮನಿಸಬೇಕು. ಆರಡಿ ಹತ್ತು ಅಂಗುಲದ ಆಳು. ಆದರೂ ಹೆಚ್ಚು ಪಾಯಿಂಟ್ ಹೊಡೆದು ಹೆಸರು ಮಾಡಿದವನಲ್ಲ. ಎದುರಾಳಿ ಬುಟ್ಟಿಗೆಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದು, ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು ಅವನ ಕಸುಬು. ತಡೆದ ಚೆಂಡನ್ನು ಜನರ ಮಧ್ಯಕ್ಕೆ ಬಾರಿಸಿ ಶಿಳ್ಳೆ ಗಿಟ್ಟಿಸಬಹುದಿತ್ತು. ಅವನು ಹಾಗೆ ಮಾಡದೆ ತನ್ನ ಜೊತೆಗಾರರ ಕೈಗೆ ಸಿಗುವ ಹಾಗೆ ತಟ್ಟುತ್ತಿದ್ದ. ಅಲ್ಲಿಂದ ತಂಡದ ಓಟ ಶುರು. 1959ರಿಂದ 1966ರವರೆಗೆ ಸತತ ಎಂಟು ವರ್ಷ ಚಾಂಪಿಯನ್ ಪಟ್ಟ ಬಾಸ್ಟನ್ ಬಿಟ್ಟು ಹೋಗಲಿಲ್ಲ.

ಇಷ್ಟು ಗೆದ್ದವನಿಗೆ ಏನು ಸಿಕ್ಕಿತು?

1961ರ ಅಕ್ಟೋಬರ್. ಅಷ್ಟರಲ್ಲಿ ರಸೆಲ್ ನಾಲ್ಕು ಸಲ ಚಾಂಪಿಯನ್, ಒಲಿಂಪಿಕ್ಸ್ ಚಿನ್ನದವನು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯಕ್ಕೆ ತಂಡ ಹೋಯಿತು. ಇಳಿದುಕೊಂಡ ಹೋಟೆಲಿನಲ್ಲಿ ಸ್ಯಾಮ್ ಜೋನ್ಸ್, ಸ್ಯಾಚ್ ಸ್ಯಾಂಡರ್ಸ್ ಎಂಬ ಕಪ್ಪು ಆಟಗಾರರು ತಿನ್ನಲು ಕೂತರೆ 'ನಿಮಗಿಲ್ಲ' ಎಂದರು. ಸುದ್ದಿ ತಿಳಿದ ರಸೆಲ್ ಮತ್ತು ಉಳಿದ ಕಪ್ಪು ಆಟಗಾರರು ಒಟ್ಟಾಗಿ ನಾವು ಆಡುವುದಿಲ್ಲ ಎಂದರು. ಕೋಚ್ ಮಧ್ಯೆ ಬಂದು ಮಾತಾಡಿದ ಮೇಲೆ ಹೋಟೆಲಿನವರು ಬಡಿಸಲು ಒಪ್ಪಿದರು. 'ಆಯ್ತಲ್ಲ, ಇನ್ನು ಸುಮ್ಮನಿರಿ' ಅಂದರೆ ಸುಮ್ಮನಿರುವ ಜನ ಅವರಲ್ಲ. ಈ ಒಬ್ಬರಿಗೆ ಒಂದು ದಿನಕ್ಕೆ ಕೊಡುವ ವಿನಾಯಿತಿ ಯಾರಿಗೆ ಬೇಕು? ವಿಮಾನ ಹತ್ತಿ ಮನೆಗೆ ಹೋದರು. ಎದುರು ತಂಡದ ಕಪ್ಪು ಆಟಗಾರರೂ ಅಂಗಳಕ್ಕಿಳಿಯಲಿಲ್ಲ. ಆವತ್ತಿನ ಪಂದ್ಯವನ್ನು ಬಿಳಿಯರೇ ಆಡಿಕೊಂಡರು.

ಅದು ದಕ್ಷಿಣ, ಅಲ್ಲಿ ಹಾಗೇ ಅನ್ನಬಹುದು. ಅವನ ಸ್ವಂತ ಬಾಸ್ಟನ್ ಏನು ಮಾಡಿತು? ಪಕ್ಕದ ರೀಡಿಂಗ್ ಎಂಬ ಊರಲ್ಲಿ ಅವನ ಮನೆ. ಊರವರು ಅವನ ಹೆಸರಲ್ಲಿ ಸನ್ಮಾನ ಮಾಡಿದರು. ಅದೇ ಊರಿನ ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟರೆ ಅಲ್ಲಿಯವರು ಬೇಡವೆಂದು ಅರ್ಜಿಗೆ ಸಹಿ ಹಾಕಿಸಿದರು. ಕಳ್ಳರಂತೆ ಮನೆಗೆ ನುಗ್ಗಿ ಗೋಡೆ ಮೇಲೆ ಬೈಗುಳ ಗೀಚಿ, ಮಲಗುವ ಹಾಸಿಗೆ ಮೇಲೆ ಹೇಲು ಹಾಕಿ ಹೋದವರೂ ಇದ್ದರು. ಸಂಜೆ ಚಪ್ಪಾಳೆ, ರಾತ್ರಿ ಹೇಲು.

1966ರಲ್ಲಿ ರಸೆಲ್ ಆಡುತ್ತಲೇ ತಂಡದ ಕೋಚ್ ಆದ. ಆ ಲೀಗ್‌ನಲ್ಲಿ ಕಪ್ಪು ಮನುಷ್ಯನೊಬ್ಬ ಮುಖ್ಯ ಕೋಚ್ ಆದದ್ದು ಅದೇ ಮೊದಲು. ಪತ್ರಿಕೆಯವನೊಬ್ಬ ಕೇಳಿದ: ಬಿಳಿ ಆಟಗಾರರಿಗೆ ಭೇದ ಮಾಡದೆ ಕೆಲಸ ಮಾಡಬಲ್ಲೆಯಾ? ಬಿಳಿ ಕೋಚನ್ನು ಯಾರಾದರೂ ಹೀಗೆ ಕೇಳಿದ್ದುಂಟೇ? 1968, 1969ರಲ್ಲಿ ಮತ್ತೆ ಚಾಂಪಿಯನ್ ಪಟ್ಟ ತಂದು ರಸೆಲ್ ಆಟ ಬಿಟ್ಟ.

ಇದು ನಮಗೆ ಹೊಸದಲ್ಲ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಜಾತಿಯ ಪಾಲ್ವಂಕರ್ ಬಾಲೂ ಕ್ರಿಕೆಟ್ಟಿನ ದೊಡ್ಡ ಬೌಲರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕು. ಚಹಾ ಮಾತ್ರ ಹೊರಗೆ ನಿಂತು, ಬೇರೆ ಲೋಟದಲ್ಲಿ. ವಿಕೆಟ್ ಮೇಲೆ ವಿಕೆಟ್ ಕಿತ್ತರೂ ನಾಯಕನ ಪಟ್ಟ ಅವನಿಗೆ ಕಟ್ಟಲಿಲ್ಲ. ಅವನ ತಮ್ಮ ವಿಠ್ಠಲ 1923ರಲ್ಲಿ ನಾಯಕನಾದ.

ರಸೆಲ್ ಮಾತ್ರ ಚಪ್ಪಾಳೆಯನ್ನು ಮರ್ಯಾದೆ ಎಂದು ತಿಳಿಯಲಿಲ್ಲ. ಕೇಳಿದವರಿಗೆ ಹಸ್ತಾಕ್ಷರ ಕೊಡುವುದನ್ನೇ ನಿಲ್ಲಿಸಿದ. 1963ರ ಜೂನ್‌ನಲ್ಲಿ ಮಿಸಿಸಿಪಿಯ ಜ್ಯಾಕ್ಸನ್‌ನಲ್ಲಿ ಕಪ್ಪು ನಾಯಕ ಮೆಡ್ಗರ್ ಎವರ್ಸ್‌ನನ್ನು ಗುಂಡಿಟ್ಟು ಕೊಂದರು. ಆಮೇಲೆ ಜೀವ ಬೆದರಿಕೆಯಿದ್ದರೂ ರಸೆಲ್ ಅದೇ ಊರಿಗೆ ಹೋಗಿ ಕಪ್ಪು, ಬಿಳಿ ಮಕ್ಕಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿ ಆಟ ಕಲಿಸಿದ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಎಂದ ಮಹಮದ್ ಅಲಿಯನ್ನು ದೇಶವೇ ಬೈಯುತ್ತಿದ್ದಾಗ ಅವನ ಪಕ್ಕ ಬಂದು ಕೂತ. 1975ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರಕ್ಕೆ ಆರಿಸಿದರೆ ಸಮಾರಂಭಕ್ಕೇ ಹೋಗಲಿಲ್ಲ. ತನಗಿಂತ ಮೊದಲು ದಾರಿ ಮಾಡಿದ ಕಪ್ಪು ಆಟಗಾರರು ಹೊರಗಿರುವಾಗ ತನಗೇಕೆ ಎಂಬುದು ಅವನ ವಾದ. 1950ರಲ್ಲೇ ಲೀಗ್‌ಗೆ ಆಯ್ಕೆಯಾದ ಚಕ್ ಕೂಪರ್‌ನನ್ನು 2019ರಲ್ಲಿ ಸೇರಿಸಿದ ಮೇಲೆ ತನ್ನ ಉಂಗುರ ತೆಗೆದುಕೊಂಡ. 44 ವರ್ಷ ಕಾದ!

ಕೊನೆಗೆ ಗೌರವ ಬಂತಲ್ಲ ಎನ್ನುವವರಿದ್ದಾರೆ. ಬಂತು. 2011ರಲ್ಲಿ ಕಪ್ಪು ಅಧ್ಯಕ್ಷ ಒಬಾಮ ಕೈಯಿಂದ ದೇಶದ ದೊಡ್ಡ ಪದಕ, 2013ರಲ್ಲಿ ಬಾಸ್ಟನ್‌ನಲ್ಲಿ ಪ್ರತಿಮೆ. 2022ರಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವನ 6ನೇ ನಂಬರಿನ ಅಂಗಿಯನ್ನು ಇನ್ನಾವ ತಂಡದಲ್ಲೂ ಹೊಸಬರು ತೊಡಬಾರದೆಂದು ಲೀಗ್ ತೀರ್ಮಾನಿಸಿತು. ಆದರೆ ಲೆಕ್ಕ ಹಾಕಿ ನೋಡಿ. ಅವನ ಹನ್ನೊಂದೂ ಪಟ್ಟಗಳು 1969ಕ್ಕೇ ಮುಗಿದಿದ್ದವು. ಆಮೇಲೆ ಅವನು ಹೊಸದಾಗಿ ಗೆದ್ದ ಆಟವಿಲ್ಲ. ಬದಲಾದದ್ದು ದೇಶ, ಅದೂ ಪೂರ್ತಿ ಅಲ್ಲ. ಹೋಟೆಲಿನ ಬಾಗಿಲು ತೆರೆಸಿದ್ದು 1964ರ ನಾಗರಿಕ ಹಕ್ಕುಗಳ ಕಾನೂನು. ಆ ಕಾನೂನು ತಂದದ್ದು ಬೀದಿಗಿಳಿದು ನಾಯಿಗಳಿಂದ ಕಚ್ಚಿಸಿಕೊಂಡು, ಜೈಲು ತುಂಬಿದ ಹೆಸರಿಲ್ಲದ ಜನ. ಇದು ರಸೆಲ್‌ಗೆ ಗೊತ್ತಿತ್ತು. 2017ರಲ್ಲಿ ಕಪ್ಪು ಆಟಗಾರರು ಪೊಲೀಸ್ ದೌರ್ಜನ್ಯದ ವಿರುದ್ಧ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದಾಗ, 83ರ ಈ ಮುದುಕ ಅದೇ ಪದಕ ಕೊರಳಿಗೆ ಹಾಕಿಕೊಂಡು ತಾನೂ ಮಂಡಿಯೂರಿದ.

ನಮ್ಮ ಮಕ್ಕಳು ಆಡಲಿ, ಓದಲಿ, ಗೆಲ್ಲಲಿ. ಗೆದ್ದರೆ ನಮಗೆ ಸಂತೋಷವೇ. ಆದರೆ ಗೆದ್ದರೆ ಜಾತಿ ಹೋಗುತ್ತದೆ ಅನ್ನೋ ಸುಳ್ಳನ್ನು ಅವರಿಗೆ ಹೇಳಬೇಡಿ. ಗೆದ್ದವನು ಕೇರಿ ಮರೆತು, ತನಗೊಬ್ಬನಿಗೆ ಹಾಕಿದ ಎಲೆ ಮುಂದೆ ಕೂತರೆ ಉಳಿದವರು ಹೊರಗೇ ಉಳಿಯುತ್ತಾರೆ. ಲೆಕ್ಸಿಂಗ್ಟನ್‌ನಲ್ಲಿ ರಸೆಲ್ ಒಬ್ಬನೇ ಎದ್ದು ಬರಲಿಲ್ಲ, ಜೊತೆಗಾರರೆಲ್ಲ ಎದ್ದು ಬಂದರು. ನಮ್ಮಲ್ಲಿ ಗೆದ್ದು ಮೇಲೆ ಕೂತಿರುವ ಬಂಧುಗಳು ಯಾವಾಗ ಏಳುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ. ಕೇಳುತ್ತಿದ್ದೇವೆ.