ಬೋರ್ಡಿನಲ್ಲಿ 24 ಗಂಟೆ

ವಿದ್ಯಾರಣ್ಯಪುರದಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಬರವಿಲ್ಲ. '24 ಗಂಟೆ ತುರ್ತು ಸೇವೆ' ಎಂಬ ಕೆಂಪು ಬೋರ್ಡಿಗೂ ಬರವಿಲ್ಲ. ರಾತ್ರಿ ಎರಡಕ್ಕೆ ಅಲ್ಲಿ ಸಿ.ಟಿ. ಸ್ಕ್ಯಾನ್ ಆಗುತ್ತದೆಯೇ ಎಂಬುದನ್ನು ಮಾತ್ರ ಬೋರ್ಡು ಹೇಳುವುದಿಲ್ಲ.

ನಮ್ಮ ಮನೆಗಳಲ್ಲಿ ಫಾಲಿಜ್, ಪಕ್ಕದ ಮನೆಯಲ್ಲಿ ಲಕ್ವ. ಹೆಪ್ಪುಗಟ್ಟಿದ ರಕ್ತ ಮಿದುಳಿನ ದೊಡ್ಡ ನಾಳವನ್ನು ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲೇ ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಮದ್ದು ವಿಷ. ಆದ್ದರಿಂದ ಮೊದಲು ಸ್ಕ್ಯಾನ್. ಗಡಿಯಾರ ಓಡುವುದು ಆಸ್ಪತ್ರೆಯ ಬಾಗಿಲಿನಿಂದಲ್ಲ, ರೋಗಿ ನೆಟ್ಟಗಿದ್ದುದನ್ನು ಕೊನೆಯದಾಗಿ ಕಂಡ ಗಳಿಗೆಯಿಂದ.

ಪಾರಿವಾಳದ ರಕ್ತ ಹಚ್ಚುವವರು, ತಾವೀಜು ಕಟ್ಟುವವರು, 'ಬೆಳಗಾಗಲಿ ನೋಡೋಣ' ಎನ್ನುವವರು ನಮ್ಮಲ್ಲಿದ್ದಾರೆ. ಅವರನ್ನು ಬೈಯುವುದು ಸುಲಭ, ಬೈಯಲೂಬೇಕು. ಆದರೆ ಬಾಯಿ ಸೊಟ್ಟಗಾದ ಕೂಡಲೇ ಆಟೋ ಹತ್ತಿದವನ ಗತಿಯೇನು? ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಅಲೆದು, ಬಿ.ಇ.ಎಲ್. ಸರ್ಕಲ್, ಮೇಖ್ರಿ ಸರ್ಕಲ್ ದಾಟಿ ನಿಮ್ಹಾನ್ಸ್ ಸೇರುವಷ್ಟರಲ್ಲಿ ಅವನ ಹೊತ್ತನ್ನು ತಿಂದವರು ಯಾರು? 'ಜನರಿಗೆ ಅರಿವಿಲ್ಲ' ಎಂದು ಭಾಷಣ ಮಾಡುವವರು ಇದಕ್ಕೆ ಉತ್ತರಿಸಲಿ.

ದುಡ್ಡಿಲ್ಲ ಎನ್ನಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಟೆನೆಕ್ಟೆಪ್ಲೇಸ್ ಉಚಿತವಾಗಿ ಕೊಡಲು ಸಾಧ್ಯವಾಯಿತು. ಪ್ರಮಾಣ ಬೇರೆ, ಮದ್ದು ಅದೇ. ಮಿದುಳಿನ ಹೆಪ್ಪನ್ನೂ ಅದು ಕರಗಿಸುತ್ತದೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ದರಪಟ್ಟಿ ತೋರಿಸಲು ಹೇಳುವ ಸರ್ಕಾರ ಇನ್ನೆರಡು ಸಾಲು ಬರೆಸಲಿ: ರಾತ್ರಿ ಸ್ಕ್ಯಾನ್ ಇದೆಯೋ ಇಲ್ಲವೋ, ಇಂಜೆಕ್ಷನ್ ಇದೆಯೋ ಇಲ್ಲವೋ. ಇಲ್ಲವಾದರೆ, ಹತ್ತಿರದಲ್ಲಿ ಎಲ್ಲಿದೆ.