ಕಾಮರ್ಸ್‌ನವರನ್ನೂ ಲ್ಯಾಬ್ ಒಳಗೆ ಬಿಡಿ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನ ನನಗೆ ಇಷ್ಟವಿತ್ತು. ಆದರೆ ಸೈನ್ಸ್ ತೆಗೆದುಕೊಂಡರೆ ಟ್ಯೂಷನ್‌ಗೆ ತುಮಕೂರಿಗೆ ಓಡಾಡಬೇಕು, ಅಷ್ಟು ಖರ್ಚು ನಮ್ಮ ಕೈಲಾಗದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಅದಕ್ಕೆ ಬೇಜಾರಿಲ್ಲ. ಬೇಜಾರು ಬೇರೆ ವಿಷಯಕ್ಕೆ.

ಕಳೆದ ತಿಂಗಳು ಶಿರಾದಿಂದ ಬರುವ ಸೈನ್ಸ್ ಗೆಳತಿಯ ಜೊತೆ ಲ್ಯಾಬ್ ಬಾಗಿಲವರೆಗೆ ಹೋಗಿದ್ದೆ. ಲೇಸರ್ ಬೆಳಕು ಎರಡು ಸಣ್ಣ ಸೀಳುಗಳನ್ನು ಹಾದು ಗೋಡೆಯ ಮೇಲೆ ಕೆಂಪು ಪಟ್ಟಿಗಳಾಗಿ ಬಿದ್ದಿತ್ತು. "ಕಾಮರ್ಸ್‌ನವರಿಗೆ ಇಲ್ಲೇನು ಕೆಲಸ?" ಎಂದು ಯಾರೋ ಕೇಳಿದರು. ವಾಪಸ್ ಬಂದೆ.

ಆಮೇಲೆ ಗೆಳತಿಯ ಪುಸ್ತಕ ತಂದು ಲೆಕ್ಕ ಹಾಕಿದೆ. ಸೀಳುಗಳ ನಡುವೆ 0.25 ಮಿ.ಮೀ. ಅಂತರ, ಗೋಡೆ 2 ಮೀಟರ್ ದೂರ, ಬೆಳಕಿನ ತರಂಗಾಂತರ 650 ನ್ಯಾನೋಮೀಟರ್ ಎಂದುಕೊಳ್ಳಿ. ಆಗ ಪಟ್ಟಿಯಿಂದ ಪಟ್ಟಿಗೆ 5.2 ಮಿ.ಮೀ. ಸೀಳಿನ ಅಗಲ ಹೆಚ್ಚಿಸಿದರೂ ಇದು ಬದಲಾಗುವುದಿಲ್ಲ. ಬದಲಾಗುವುದು ಬೆಳಕಿನ ಹರಡುವಿಕೆ. ಸೀಳಿನ ಅಗಲ 0.04 ಮಿ.ಮೀ. ಇದ್ದರೆ ನಡುವಿನ ಹರವಿನಲ್ಲಿ 13 ಪಟ್ಟಿಗಳು, 0.08 ಆದರೆ 7 ಮಾತ್ರ.

ಇಲ್ಲೇ ಒಂದು ಕಡೆ ಸಿಕ್ಕಿಬಿದ್ದೆ. ಅಗಲ ಎರಡರಷ್ಟಾದರೆ ಹಾದುಹೋಗುವ ಬೆಳಕೂ ಎರಡರಷ್ಟು. ಆದರೆ ನಟ್ಟನಡುವಿನ ಪಟ್ಟಿಯ ಪ್ರಖರತೆ ನಾಲ್ಕರಷ್ಟು! ಎರಡು ರೂಪಾಯಿ ಹಾಕಿದರೆ ನಾಲ್ಕು ಹೇಗೆ ಬಂತು? ಅಂಗಡಿ ಮುಚ್ಚುವಾಗ ಅಬ್ಬಾ ಹೇಳುವುದು ಒಂದೇ ಮಾತು: "ಹಿಸಾಬ್ ಬರಾಬರ್ ಆಗೋ ತನಕ ಏಳಬಾರದು." ನಾನೂ ಏಳಲಿಲ್ಲ. ಕೊನೆಗೆ ಹೊಳೆಯಿತು: ಬೆಳಕು ಹರಡುವ ಜಾಗ ಅರ್ಧವಾಗಿದೆ. ನಾಲ್ಕರ ಅರ್ಧ ಎರಡು. ಲೆಕ್ಕ ತಾಳೆಯಾಯಿತು. ಅಂದು ಆದ ಖುಷಿ ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಆಗಿಲ್ಲ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಊರ್ಬಸಿ ಸಿನ್ಹಾ ಅವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಇಂಥದೇ ಲೆಕ್ಕದ್ದು. ಒಂದೊಂದೇ ಸೀಳು ತೆರೆದಾಗ ಬರುವ ಅಲೆಗಳನ್ನು ಕೂಡಿದರೆ ಎಲ್ಲವೂ ತೆರೆದಾಗಿನ ಅಲೆ ಸಿಗುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತೇವೆ. ಅವರು ಮೂರು ಸೀಳುಗಳಿಟ್ಟು ಮೈಕ್ರೋವೇವ್‌ನಲ್ಲಿ ಅಳೆದಾಗ 6% ವರೆಗೆ ವ್ಯತ್ಯಾಸ ಬಂತು. ಒಂದು ಸೀಳನ್ನು ಹೊಕ್ಕ ಅಲೆ ಪಕ್ಕದ ಸೀಳನ್ನೂ ಸುತ್ತಿ ಬರಬಲ್ಲದು, ವ್ಯತ್ಯಾಸ ಅದರಿಂದ. ತಾಳೆಯಾಗದ ಲೆಕ್ಕವನ್ನು ಹುಡುಕಿ ಹಿಡಿಯುವುದು ನಮ್ಮ ಕೆಲಸವೂ ಅಲ್ಲವೇ?

ಆದ್ದರಿಂದ ನನ್ನ ವಿನಂತಿ: ತಿಂಗಳಿಗೆ ಒಂದು ಶನಿವಾರ, ತರಗತಿ ಮುಗಿದ ಮೇಲೆ ಒಂದು ಗಂಟೆ, ಕಾಮರ್ಸ್ ಮತ್ತು ಆರ್ಟ್ಸ್‌ನವರಿಗೂ ಲ್ಯಾಬ್ ತೆರೆಯಿರಿ. ಪಾವಗಡ, ಕೊರಟಗೆರೆ ಕಡೆಯವರಿಗೆ ಬಸ್ ತಪ್ಪದ ಹಾಗೆ ಸಮಯ ಇಡಿ. ಅಂಕ ಬೇಡ, ಸರ್ಟಿಫಿಕೇಟ್ ಬೇಡ. ಹಿಂದೆ ನಿಂತು ನೋಡಿದರೂ ಸಾಕು.

ಬದಲಿಗೆ ಸೈನ್ಸ್‌ನವರಿಗೆ ಜಿಎಸ್‌ಟಿ ಬಿಲ್ ಓದುವುದನ್ನು ನಾವು ಕಲಿಸುತ್ತೇವೆ.