ಲೈನು ಮನೆಯ ಒಲೆಗೆ ಯಾರ ಅಪ್ಪಣೆ ಬೇಕು?

ತೋಟದ ಕೂಲಿಯೊಂದರಿಂದಲೇ ಸಂಸಾರ ಸಾಗಿಸುವುದು ಈಗ ಕಷ್ಟವಾಗಿದೆ. ಗೂಡಲೂರು, ಪಂದಲೂರು ಕಡೆಯ ಲೈನುಗಳಲ್ಲಾಗಲಿ, ವಯನಾಡಿನ ಪಾಡಿಗಳಲ್ಲಾಗಲಿ, ಹಗಲೆಲ್ಲ ಎಲೆ ಕಿತ್ತು ಬಂದ ತಾಯಂದಿರು ರಾತ್ರಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಕೆಲವರು ಚಕ್ಕುಲಿ, ನಿಪ್ಪಟ್ಟು ಕರಿದು ಸಂತೆಗೆ ಕಳುಹಿಸುತ್ತಾರೆ. ಕೆಲವರು ಉಪ್ಪಿನಕಾಯಿ ಹಾಕುತ್ತಾರೆ. ಮಕ್ಕಳ ಶಾಲೆಯ ಫೀಜು, ಮುದುಕರ ಔಷಧಿ ಎಷ್ಟೋ ಮನೆಗಳಲ್ಲಿ ಈ ದುಡ್ಡಿನಿಂದಲೇ ನಡೆಯುತ್ತದೆ.

ಆದರೆ ಈ ದುಡಿಮೆಗೆ ಎರಡು ಹೆದರಿಕೆಗಳಿವೆ. ಒಂದು, ಯಾರೋ ಬಂದು “ಲೈಸೆನ್ಸು ಎಲ್ಲಿ?” ಎನ್ನುವುದು. ಇನ್ನೊಂದು, “ಇದು ಎಸ್ಟೇಟಿನ ಮನೆ, ಇಲ್ಲಿ ವ್ಯಾಪಾರ ಕೂಡದು” ಎಂದು ಆಫೀಸಿನಿಂದ ಮಾತು ಬರುವುದು. ಈ ಹೆದರಿಕೆಯಲ್ಲಿ ಕೆಲವರು ರಸೀದಿಯಿಲ್ಲದೆ ಕೈಗೆ ದುಡ್ಡು ಹಾಕುತ್ತಾರೆ, ಕೆಲವರು ಒಲೆಯನ್ನೇ ಆರಿಸುತ್ತಾರೆ. ಇವೆರಡೂ ಬೇಡ. ಕಾಯಿದೆ ಏನು ಹೇಳುತ್ತದೆಂದು ತಿಳಿದುಕೊಳ್ಳೋಣ.

ಮೊದಲು ತಿಂಡಿ ಪದಾರ್ಥದ ವಿಷಯ. 2006ರ ಆಹಾರ ಸುರಕ್ಷತಾ ಕಾಯಿದೆಯ 31ನೆಯ ಕಲಮು ದೊಡ್ಡ ಕಾರ್ಖಾನೆಗೂ ಮನೆಯೊಲೆಗೂ ವ್ಯತ್ಯಾಸ ಮಾಡಿದೆ. ತಾನೇ ತಯಾರಿಸಿ ಮಾರುವ ಸಣ್ಣವರಿಗೆ, ತಲೆಹೊರೆಯ ವ್ಯಾಪಾರಿಗಳಿಗೆ, ಗುಡಿ ಕೈಗಾರಿಕೆಯವರಿಗೆ ಲೈಸೆನ್ಸು ಬೇಕಿಲ್ಲ, ನೋಂದಣಿ ಸಾಕು. 2011ರ ನಿಯಮಗಳು ಇದಕ್ಕೆ ಗೊತ್ತುಮಾಡಿದ ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿಗೆ ಮುಖ್ಯವಾಗಿ ಬೇಕಾದುದು ಫೋಟೋ ಮತ್ತು ಗುರುತಿನ ಚೀಟಿ. ಅದೇ ನಿಯಮಗಳ ಪ್ರಕಾರ, ಅರ್ಜಿ ಕೊಟ್ಟ 7 ದಿನಗಳೊಳಗೆ ಅಧಿಕಾರಿಯು ನೋಂದಣಿ ಕೊಡಬೇಕು. ಇಲ್ಲವೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ ನಿರಾಕರಿಸಬೇಕು. ಅಥವಾ ತಪಾಸಣೆಗೆ ಬರುವುದಾಗಿ ನೋಟೀಸು ಕೊಡಬೇಕು. “ಬರವಣಿಗೆಯಲ್ಲಿ” ಎಂಬ ಆ ಒಂದು ಮಾತನ್ನು ನಮ್ಮ ಜನ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಾಯಿಮಾತಿನಲ್ಲಿ “ಆಗುವುದಿಲ್ಲ” ಎಂದವರಿಗೆ, “ಅದನ್ನೇ ಬರೆದು ಕೊಡಿ ಸ್ವಾಮಿ” ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು ಉದ್ಯಮ ನೋಂದಣಿ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರಕಾರ 2020ರ ಜುಲೈ 1ರಿಂದ ಜಾರಿಗೆ ತಂದ ‘ಉದ್ಯಮ್’ ನೋಂದಣಿಗೆ ಸರಕಾರ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ಸರಕಾರಿ ಶುಲ್ಕವೆಂದು ಹೇಳಿ ನೂರಾರು ರೂಪಾಯಿ ಕೇಳುವವನು ದಲ್ಲಾಳಿ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಈ ಕಾಗದ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಗಡಿಯವರಾದ ನಮಗೇ ವಿಶೇಷವಾಗಿ ಅಂಟಿಕೊಂಡ ಸಂಗತಿ. ಗೂಡಲೂರಿನಿಂದ ಒಂದು ಬಸ್ಸು ಹತ್ತಿದರೆ ಗುಂಡ್ಲುಪೇಟೆ, ಇನ್ನೊಂದು ಹತ್ತಿದರೆ ಸುಲ್ತಾನ್ ಬತ್ತೇರಿ. ನಮಗೆ ಎಲ್ಲವೂ ನೆಂಟರ ಊರೇ. ತೆರಿಗೆ ಇಲಾಖೆಗೆ ಮಾತ್ರ ಅವು ಬೇರೆ ರಾಜ್ಯಗಳು. ಸ್ವಂತ ರಾಜ್ಯದೊಳಗೆ ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ಸರಕು ಮಾರುವ ಮನೆಯವರಿಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಆದರೆ ತೆರಿಗೆಯುಳ್ಳ ಸರಕನ್ನು ಗಡಿ ದಾಟಿಸಿ ಬೇರೆ ರಾಜ್ಯದ ಅಂಗಡಿಗೆ ಸರಬರಾಜು ಮಾಡಿದರೆ, ಮೊತ್ತ ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕಾಗುತ್ತದೆ. ಕೆಲವು ಕೈಕಸುಬಿನ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ಉಪ್ಪಿನಕಾಯಿ ಮಾರುವ ತಾಯಂದಿರು ತಮ್ಮ ರಾಜ್ಯದ ಪೇಟೆಯಲ್ಲೇ ಗಿರಾಕಿ ಹುಡುಕಿಕೊಳ್ಳುವುದು ಕ್ಷೇಮ.

ಪೇಟೆಯಲ್ಲಿ ಬೀದಿಬದಿ ಕೂತು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ. ಎಣಿಕೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸಬಾರದೆಂದು ಅದು ಹೇಳುತ್ತದೆ. ಪ್ಲಾಸ್ಟಿಕ್ ಕೈಚೀಲ ಮಾತ್ರ ಬೇಡ. ತಮಿಳುನಾಡು 2019ರ ಜನವರಿ 1ರಿಂದ, ಕೇರಳ 2020ರ ಜನವರಿ 1ರಿಂದ ಅದನ್ನು ನಿಷೇಧಿಸಿವೆ. ಇಡೀ ದಿನದ ಲಾಭ ಒಂದು ದಂಡಕ್ಕೆ ಹೋದೀತು.

ಈಗ ಮುಖ್ಯ ಗಂಟಿಗೆ ಬರೋಣ. ಮೇಲೆ ಹೇಳಿದ ಕಾಗದಗಳೆಲ್ಲ ಕೈಯಲ್ಲಿದ್ದರೂ ಮನೆ ನಮ್ಮದಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕನಿಗೂ ಅವನ ಸಂಸಾರಕ್ಕೂ ಮನೆ ಕೊಡುವುದು ಮಾಲೀಕನ ಹೊಣೆಯೆಂದು ಹೇಳಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರ 92ನೆಯ ಕಲಮು, ಕುಡಿಯುವ ನೀರು, ಅಡಿಗೆಮನೆ, ಪಾಯಖಾನೆ ಸಹಿತವಾದ ವಸತಿಯನ್ನು ಮಾಲೀಕರಿಂದ ಕೊಡಿಸಲು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿದೆ. ಆದರೆ ಮನೆ ಕೊಡುವುದು ಬೇರೆ, ಆ ಮನೆಯಲ್ಲಿ ಕಸುಬು ಮಾಡಲು ಒಪ್ಪುವುದು ಬೇರೆ. ಪಂಚಾಯತಿಯಲ್ಲಿ ಕಟ್ಟಡದ ಮಾಲೀಕನ ಒಪ್ಪಿಗೆ ಪತ್ರ ಕೇಳಿದರೆ ನಮ್ಮವರು ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಕೇರಳ 2019ರಲ್ಲಿ ಮಾಡಿದ ಕಾಯಿದೆಯಿಂದ ಸಣ್ಣ ಉದ್ಯಮದವರು ತಾವೇ ಘೋಷಣೆ ಬರೆದುಕೊಟ್ಟು, ಸ್ವೀಕೃತಿ ಪತ್ರ ಪಡೆದು, ಮೂರು ವರ್ಷ ಕೆಲಸ ನಡೆಸಬಹುದು. ಒಳ್ಳೆಯ ಕಾಯಿದೆಯೇ. ಆದರೂ ಅದು ಎಸ್ಟೇಟಿನ ಮನೆಯ ಮೇಲೆ ನಮಗೆ ಹಕ್ಕು ಕೊಡುವುದಿಲ್ಲ.

ಮ್ಯಾನೇಜರರ ಅಂಜಿಕೆ ನಮಗೆ ಅರ್ಥವಾಗದೆ ಇಲ್ಲ. ಇಂದು ಒಪ್ಪಿಗೆ ಕೊಟ್ಟರೆ, ನಾಳೆ ನಿವೃತ್ತಿಯಾದಾಗ “ಇದು ನನ್ನ ಅಂಗಡಿ, ಬಿಡುವುದಿಲ್ಲ” ಎಂದಾರೆಂಬುದು ಒಂದು. ಗೋಡೆಗೆ ಗೋಡೆ ಅಂಟಿದ ಲೈನಿನಲ್ಲಿ ಎಣ್ಣೆ ಕುದಿಸುವಾಗ ಬೆಂಕಿ ಬಿದ್ದರೆ ಹತ್ತು ಮನೆ ಹೋದೀತೆಂಬುದು ಇನ್ನೊಂದು. ಎರಡನ್ನೂ ಕಾಗದದ ಮೇಲೆಯೇ ಪರಿಹರಿಸಬಹುದು. ಒಪ್ಪಿಗೆ ಪತ್ರದಿಂದ ಬಾಡಿಗೆ ಹಕ್ಕಾಗಲಿ ಸ್ವಾಮ್ಯವಾಗಲಿ ಬರುವುದಿಲ್ಲವೆಂದು ಬರೆಯಲಿ. ನಾವು ರುಜು ಹಾಕುತ್ತೇವೆ. ಕೂಲಿಯಾಳು ಇಟ್ಟುಕೊಳ್ಳುವುದಿಲ್ಲ, ಗೋಡೆ ಒಡೆಯುವುದಿಲ್ಲ, ಗ್ಯಾಸು ಸೌದೆಯನ್ನು ಜೋಪಾನವಾಗಿ ಇಡುತ್ತೇವೆ ಎಂದು ಬರೆಯಲಿ, ಅದಕ್ಕೂ ಒಪ್ಪುತ್ತೇವೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನುವ ಮುಖ ನೋಡುವ ಪದ್ಧತಿಗೆ ಮಾತ್ರ ನಾವು ಒಪ್ಪುವುದಿಲ್ಲ.

ಆದುದರಿಂದ ಈ ಮಾತು ಒಬ್ಬೊಬ್ಬ ತಾಯಿ ಆಫೀಸಿನ ಬಾಗಿಲಲ್ಲಿ ಕೈಕಟ್ಟಿ ನಿಂತು ಕೇಳುವ ಮಾತಾಗಬಾರದು. ಬರುವ ಒಪ್ಪಂದದ ಬೇಡಿಕೆಗಳಲ್ಲಿ ಕೂಲಿ, ಬೋನಸ್ಸಿನ ಜೊತೆಗೆ ಮನೆಕಸುಬಿನ ಒಪ್ಪಿಗೆಯನ್ನೂ ಒಂದು ಬೇಡಿಕೆಯಾಗಿ ಸಂಘಗಳು ಸೇರಿಸಬೇಕು. ಯಾವ ಸಂಘವೇ ಆಗಿರಲಿ, ಈ ವಿಷಯದಲ್ಲಿ ಬಾವುಟದ ಬಣ್ಣ ನೋಡಬೇಕಾಗಿಲ್ಲ. ಪಂಚಾಯತಿಗಳಿಗೂ ನಮ್ಮ ಕೋರಿಕೆಯಿದೆ. ವರ್ಷಕ್ಕೊಮ್ಮೆಯಾದರೂ ಲೈನಿನ ಹತ್ತಿರವೇ ನೋಂದಣಿ ಶಿಬಿರ ನಡೆಸಿ. ಒಂದು ಅರ್ಜಿಗಾಗಿ ನಮ್ಮವರು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾರೆ. ಗಡಿನಾಡಿನಲ್ಲಿ ಅರ್ಜಿಯ ಭಾಷೆ ಓದಲು ಬಾರದವರೂ ಬಹಳ. ಓದಿ ಹೇಳುವ ಒಬ್ಬರನ್ನು ಜೊತೆಗೆ ಕೂರಿಸಿ.

ನಮ್ಮ ಮನೆಗಳಿಗೂ ಎರಡು ಮಾತು. ಮನೆ ಬಳಕೆಗೆಂದು ಕೊಟ್ಟ ಕರೆಂಟನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಲ್ಲಿ ಇಮ್ಮಡಿ ದರ ಹಾಕಲು ಅವಕಾಶವಿದೆ. ದೊಡ್ಡ ಗ್ರೈಂಡರ್ ಕೂರಿಸುವ ಮುಂಚೆ ವಿಚಾರಿಸಿ. ಯಾರಾದರೂ ತಪಾಸಣೆಗೆಂದು ಬಂದರೆ ಗುರುತಿನ ಕಾರ್ಡು ಕೇಳಿ, ಯಾವ ಕಾಯಿದೆ ಎಂದು ಕೇಳಿ, ದುಡ್ಡು ಕಟ್ಟಿದರೆ ರಸೀದಿ ಕೇಳಿ. ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳದೆ ಬಿಡಬೇಡಿ.

ನಮ್ಮ ತಾಯಂದಿರು ಬೇಡುವುದು ದಾನವನ್ನಲ್ಲ. ಕೈಯಲ್ಲಿ ಕಸುಬಿದೆ, ಮೈಯಲ್ಲಿ ಇನ್ನೂ ಶಕ್ತಿಯಿದೆ. ಕದ್ದುಮುಚ್ಚಿ ಮಾಡುವ ಕೆಲಸವನ್ನು ಬಾಗಿಲು ತೆರೆದು ಮಾಡಲು ಒಂದು ಕಾಗದ ಕೊಡಿ ಎಂಬುದಷ್ಟೇ ಅವರ ಮಾತು. ಆ ಕಾಗದ ಅವರ ಕೈಸೇರುವವರೆಗೆ ಸಂಘಗಳೂ ನಾವೂ ಸುಮ್ಮನಿರತಕ್ಕದ್ದಲ್ಲ.